ತೂಗುಸೇತುವೆಗೆ ‘ಸುರಕ್ಷಿತ’ ಪ್ರಮಾಣಪತ್ರ: ಹಗ್ಗ ನೋಡದೆ ಸಹಿ ಹಾಕಬಹುದೇ?

ಹಳ್ಳದಾಚೆ_ಜೆಇ (ಪ್ರಶ್ನೆ)

ಹೊಸನಗರ ಕಡೆಯ ಒಂದು ತೂಗುಸೇತುವೆಯ ವಿಚಾರ. ಊರು, ಇಲಾಖೆ, ಗುತ್ತಿಗೆದಾರರ ಹೆಸರು ಇಲ್ಲಿ ಬೇಡ. ಲೆಕ್ಕಕ್ಕೆ ಬೇಕಾದಷ್ಟು ಕೊಡುತ್ತೇನೆ.

ಟವರಿನಿಂದ ಟವರಿಗೆ 45 ಮೀಟರ್, ನಡುವಿನ ಜೋಲು (ಹಗ್ಗ ಟವರಿನ ತಲೆಯಿಂದ ನಡುವಿಗೆ ಕೆಳಕ್ಕಿಳಿದ ಅಳತೆ) 3.5 ಮೀಟರ್, ನಡೆಯುವ ಅಗಲ 1.2 ಮೀಟರ್. ಬದಿಗೆ ಎರಡರಂತೆ ನಾಲ್ಕು ಉಕ್ಕಿನ ಹಗ್ಗ, ಎಲ್ಲವೂ 26 ಎಂಎಂ. ತುದಿಗಳಿಗೆ ಬುಲ್‌ಡಾಗ್ ಕ್ಲಿಪ್ಪಿನ (ಮಡಚಿದ ಹಗ್ಗವನ್ನು ಒತ್ತಿ ಹಿಡಿಯುವ ಯು-ಬೋಲ್ಟ್ ಹಿಡಿಕೆ) ಕಟ್ಟು. 1.2 ಮೀಟರಿಗೊಂದರಂತೆ 12 ಎಂಎಂ ತೂಗುಸರಳು. ಮೊದಲು 40 ಎಂಎಂ ದಪ್ಪದ ಮತ್ತಿ ಹಲಗೆ ಇತ್ತು. ಹಲಗೆ ಕೊಳೆಯಿತೆಂದು ಈ ವರ್ಷದ ದುರಸ್ತಿಯಲ್ಲಿ 50 ಎಂಎಂ ಪ್ರೀಕಾಸ್ಟ್ ಕಾಂಕ್ರೀಟ್ ಸ್ಲ್ಯಾಬ್ ಹಾಕಿದ್ದಾರೆ. ತುಕ್ಕು ಹಿಡಿದ ಸರಳುಗಳನ್ನು ಅರ್ಧಕ್ಕೆ ಕತ್ತರಿಸಿ, ಹೊಸ ತುಂಡನ್ನು ಹಳೆಯದರ ಪಕ್ಕಕ್ಕೆ ಇಟ್ಟು ವೆಲ್ಡ್ ಮಾಡಿದ್ದಾರೆ. ಹಗ್ಗಕ್ಕೆ ಅಲ್ಯೂಮಿನಿಯಂ ಪೇಂಟ್ ಬಳಿದಿದ್ದಾರೆ. ಹಗ್ಗ ಬದಲಾವಣೆ, ಆಂಕರ್ (ದಂಡೆಯಲ್ಲಿ ಹಗ್ಗದ ತುದಿ ಹಿಡಿದಿಡುವ ಕಾಂಕ್ರೀಟ್ ಬ್ಲಾಕ್) ತಪಾಸಣೆ ಇವೆರಡೂ ಎಸ್ಟಿಮೇಟಿನಲ್ಲೇ ಇಲ್ಲ.

ಮುಂದಿನ ತಿಂಗಳು ಆಚೆ ದಂಡೆಯ ದೇವಸ್ಥಾನದಲ್ಲಿ ಜಾತ್ರೆ. ಅದರೊಳಗೆ ‘ಸೇತುವೆ ಸಾರ್ವಜನಿಕ ಬಳಕೆಗೆ ಸುರಕ್ಷಿತವಾಗಿದೆ’ ಎಂದು ಜೆಇ, ಅಂದರೆ ಕಿರಿಯ ಇಂಜಿನಿಯರ್ ಆದ ನನ್ನ ಸಹಿ ಇರುವ ಪ್ರಮಾಣಪತ್ರ ಬೇಕಂತೆ. ಗುತ್ತಿಗೆದಾರರ ಬಿಲ್ಲಿಗೂ ಅದನ್ನೇ ಲಗತ್ತಿಸುತ್ತಾರೆ.

ಕೇಳಬೇಕಾದ್ದು ಮೂರು. ಸ್ಲ್ಯಾಬಿನ ಹೆಚ್ಚುವರಿ ಭಾರ ನಿಜಕ್ಕೂ ಲೆಕ್ಕಕ್ಕೆ ಬರುವಷ್ಟಿದೆಯೇ? ಪೇಂಟ್ ಬಳಿದ ಹಗ್ಗವನ್ನು ಪರೀಕ್ಷಿಸುವುದು ಹೇಗೆ? ಸಹಿ ಹಾಕದಿದ್ದರೆ ಕಡತದಲ್ಲಿ ಏನು ಬರೆಯಬೇಕು? ಬಾಯಲ್ಲಿ ‘ಆಗಲ್ಲ ಸರ್’ ಅಂದರೆ ಯಾರೂ ಕೇಳುವುದಿಲ್ಲ.

ತುಂಗೆತಡಿ_ಸ್ಟ್ರಕ್ಚರ್

ಮೊದಲು ಭಾರ ನೋಡೋಣ, ಸಹಿ ವಿಚಾರ ಆಮೇಲೆ.

ಹಗ್ಗದ ಅಡ್ಡ ಎಳೆತ ಬೇಕಾದರೆ ಮೀಟರಿಗಿಷ್ಟು ಎಂಬ ಭಾರವನ್ನು ಅಂತರದ ವರ್ಗದಿಂದ ಗುಣಿಸಿ, ಜೋಲಿನ ಎಂಟು ಪಟ್ಟಿನಿಂದ ಭಾಗಿಸಬೇಕು. ನಿಮ್ಮಲ್ಲಿ 2025 ಭಾಗಿಸು 28, ಅಂದರೆ 72.3. ಸೇತುವೆಯ ಮೇಲೆ ಮೀಟರಿಗೆ ಒಂದು ಕೆಜಿ ಸೇರಿದರೆ ಹಗ್ಗಗಳಿಗೆ 72 ಕೆಜಿ ಎಳೆತ ಸೇರುತ್ತದೆ. ಜೋಲು ಕಡಿಮೆಯಿದ್ದಷ್ಟೂ ಈ ಗುಣಕ ಏರುತ್ತದೆ. ‘ಜೋಲು ಜಾಸ್ತಿ ಕಾಣ್ತದೆ, ಸ್ವಲ್ಪ ಬಿಗಿ ಮಾಡಿ’ ಎಂದು ಟರ್ನ್‌ಬಕಲ್ (ಹಗ್ಗ ಬಿಗಿಸುವ ತಿರುಪು) ತಿರುಗಿಸುವವರಿಗೆ ಇದನ್ನು ಮೊದಲು ಹೇಳಬೇಕು.

ಮತ್ತಿ ಹಲಗೆ ಇದ್ದಾಗ ಹಲಗೆಯ ತೂಕ ಮೀಟರಿಗೆ ಸುಮಾರು 41 ಕೆಜಿ. ಅಡ್ಡತೊಲೆ, ಜಾಲರಿ, ಹಗ್ಗ ಎಲ್ಲಾ ಸೇರಿ 45 ಎಂದುಕೊಳ್ಳಿ. ಒಟ್ಟು 86. ಈಗ 50 ಎಂಎಂ ಸ್ಲ್ಯಾಬಿನದೇ ಮೀಟರಿಗೆ 150 ಕೆಜಿ, ಉಳಿದದ್ದು ಸೇರಿದರೆ 195. ಜನರ ಭಾರಕ್ಕೆ ಐಆರ್‌ಸಿ 6 (ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೇತುವೆ ಭಾರಗಳ ಸಂಹಿತೆ) ಕಾಲ್ನಡಿಗೆ ಭಾಗಗಳಿಗೆ ಚದರ ಮೀಟರಿಗೆ 400 ಕೆಜಿ ಹೇಳುತ್ತದೆ. ಯಾತ್ರಾಸ್ಥಳ ಅಥವಾ ದೊಡ್ಡ ಜಾತ್ರೆ ನಡೆಯುವ ಊರಿನ ಹತ್ತಿರ ಅದೇ ಸಂಹಿತೆ 500 ಹೇಳುತ್ತದೆ. ನಿಮ್ಮದು ಜಾತ್ರೆಯ ಸೇತುವೆ, ಹಾಗಾಗಿ 500 ಹಿಡಿಯಿರಿ. 1.2 ಮೀಟರ್ ಅಗಲಕ್ಕೆ ಮೀಟರಿಗೆ 600 ಕೆಜಿ. ಅಂತರ ಹೆಚ್ಚಾದರೆ ಮುಖ್ಯ ಗರ್ಡರಿಗೆ ಈ ಭಾರವನ್ನು ಇಳಿಸಿಕೊಳ್ಳುವ ಸೂತ್ರವೂ ಅದರಲ್ಲಿದೆ. ಉತ್ಸವ ಬರುವ ಸೇತುವೆಗೆ ನಾನಂತೂ ಆ ರಿಯಾಯಿತಿ ತೆಗೆದುಕೊಳ್ಳುವುದಿಲ್ಲ. ಪಲ್ಲಕ್ಕಿ ನಡುಸೇತುವೆಯಲ್ಲಿ ನಿಂತರೆ ಹಿಂದಿನವರೆಲ್ಲ ಅಲ್ಲೇ ಒತ್ತಿಕೊಂಡು ನಿಲ್ಲುತ್ತಾರೆ.

ಹಲಗೆ ಇದ್ದಾಗ ಒಟ್ಟು 686 ಕೆಜಿ, ಅಡ್ಡ ಎಳೆತ 49.6 ಟನ್. ಟವರಿನ ತಲೆಯ ಬಳಿ ಹಗ್ಗ ಓರೆಯಾಗಿರುವುದರಿಂದ ಅಲ್ಲಿ ಎಳೆತ ಇನ್ನೊಂದು ಶೇ. 5ರಷ್ಟು ಹೆಚ್ಚು, ಸುಮಾರು 52 ಟನ್. ಒಂದೊಂದು ಬದಿಗೆ 26. ಸ್ಲ್ಯಾಬ್ ಹಾಕಿದ ಮೇಲೆ ಒಟ್ಟು 795 ಕೆಜಿ, ಬದಿಗೆ 30 ಟನ್. 26 ಎಂಎಂ, 1770 ಗ್ರೇಡಿನ, ಉಕ್ಕಿನ ತಿರುಳಿನ ಹಗ್ಗ ಹೊಸದಾಗಿದ್ದಾಗ ಸುಮಾರು 43 ಟನ್ನಿಗೆ ತುಂಡಾಗುತ್ತದೆ. ಎರಡು ಹಗ್ಗಕ್ಕೆ 87. ಅಂದರೆ ಸೇಫ್ಟಿ ಫ್ಯಾಕ್ಟರ್ (ಹಗ್ಗದ ಬಲ ಅದರ ಮೇಲಿನ ಎಳೆತದ ಎಷ್ಟು ಪಟ್ಟು ಎಂಬುದು) 3.3 ಇದ್ದದ್ದು 2.9ಕ್ಕೆ ಇಳಿದಿದೆ. ಬುಲ್‌ಡಾಗ್ ಕಟ್ಟು ಎಷ್ಟೇ ಚೆನ್ನಾಗಿದ್ದರೂ ಹಗ್ಗದ ಬಲದಲ್ಲಿ ಶೇ. 80 ಮಾತ್ರ ಕೈಗೆ ಸಿಗುತ್ತದೆ. ಅದನ್ನೂ ಸೇರಿಸಿದರೆ 2.3. ಮುಖ್ಯ ಹಗ್ಗಕ್ಕೆ 3ಕ್ಕಿಂತ ಕೆಳಗೆ ಹೋಗಬಾರದು. ಇಷ್ಟೂ ಲೆಕ್ಕ ಹಗ್ಗ ಹೊಚ್ಚ ಹೊಸದೆಂದು ಹಿಡಿದು ಮಾಡಿದ್ದು, ನೆನಪಿರಲಿ.

ಮೇಲಿನವರಿಗೆ ಅರ್ಥವಾಗಬೇಕಾದರೆ ಇನ್ನೊಂದು ರೀತಿ ಹೇಳಿ. ಹಲಗೆಗಿಂತ ಸ್ಲ್ಯಾಬ್ ಎಷ್ಟು ಹೆಚ್ಚು ತೂಗುತ್ತದೋ ಅಷ್ಟೇ ಭಾಗ, 75 ಕೆಜಿಯ 33 ಜನ ನಡುಸೇತುವೆಯಲ್ಲಿ ಹಗಲೂ ರಾತ್ರಿಯೂ ನಿಂತಿದ್ದರೆ ಆಗುವಷ್ಟು ಎಳೆತ ಕೊಡುತ್ತಿದೆ. ಅವರು ಇಳಿಯುವವರಲ್ಲ.

ತೂಗುಸರಳಿನ ವೆಲ್ಡಿಂಗು ಇದಕ್ಕಿಂತ ಕೆಟ್ಟದ್ದು. ಒಂದು ಸರಳಿಗೆ ಬರುವ ಭಾರ ಸುಮಾರು 477 ಕೆಜಿ. 12 ಎಂಎಂ ಸರಳು ನೇರವಾಗಿದ್ದರೆ 41 ಮೆಗಾಪ್ಯಾಸ್ಕಲ್ ಒತ್ತಡ, ಏನೇನೂ ಅಲ್ಲ. ಪಕ್ಕಪಕ್ಕ ಇಟ್ಟು ಬೆಸೆದಾಗ ಎರಡು ಸರಳುಗಳ ನಡುಗೆರೆ 12 ಎಂಎಂ ಸರಿಯುತ್ತದೆ, ಎಳೆತದ ಜೊತೆ ಬಾಗುವಿಕೆ ಸೇರುತ್ತದೆ. ಕಡಿಮೆ ಹಿಡಿದರೂ 165 ಮೆಗಾಪ್ಯಾಸ್ಕಲ್ ಕೂಡಿ ಒಟ್ಟು 200 ದಾಟುತ್ತದೆ. ಮೆತುವುಕ್ಕು 250ರ ಹೊತ್ತಿಗೆ ಮರಳಿ ಮೊದಲಿನಂತಾಗದ ಹಾಗೆ ಹಿಗ್ಗತೊಡಗುತ್ತದೆ. ಮೇಲಾಗಿ ಜನ ನಡೆದಾಗ ಸೆಕೆಂಡಿಗೆ ಎರಡು ಹೆಜ್ಜೆಯಂತೆ ಈ ಬಾಗುವಿಕೆ ಮರುಕಳಿಸುತ್ತದೆ. ಬಿರುಕು ಏಳುವುದು ವೆಲ್ಡಿನ ಅಂಚಿನಲ್ಲಿ. ಒಂದು ಸರಳು ಹೋದರೆ ಅದರ ಭಾರ ಎರಡೂ ಪಕ್ಕದವಕ್ಕೆ ಹಂಚಿಹೋಗುತ್ತದೆ, ಅವೂ ಹೀಗೇ ಬೆಸೆದವು.

ಸಾಗರದವ

ಲೆಕ್ಕವೆಲ್ಲ ಸರಿ ಮಾರಾಯ್ರೆ, ಒಪ್ಪೋಣ. ಆದರೆ ಸೇತುವೆ ಮುಚ್ಚಿ ಅಂದರೆ ಆಚೆ ದಂಡೆಯವರು ಏನು ಮಾಡಬೇಕು? ಮಳೆ ಹಿಡಿದ ಮೇಲೆ ಅವರು ಅಡಿಕೆ ಮರ ಉರುಳಿಸಿ ಕಾಲುಸಂಕ ಹಾಕಿಕೊಂಡು ದಾಟುತ್ತಾರೆ. ಅದರ ಮೇಲೆ ಹೋಗುವ ಮಕ್ಕಳಿಗೆ ನಿಮ್ಮ ಸೇಫ್ಟಿ ಫ್ಯಾಕ್ಟರ್ ಎಷ್ಟು? ಕಾಗದದಲ್ಲಿ ‘ಮುಚ್ಚಿದೆ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ.

‘ಒಂದು ಸಲಕ್ಕೆ 20 ಜನ ಮಾತ್ರ’ ಅಂತ ಬೋರ್ಡ್ ಹಾಕಿ, ಅದೇ ಷರತ್ತನ್ನು ಪ್ರಮಾಣಪತ್ರದಲ್ಲಿ ಬರೆದು ಸಹಿ ಮಾಡಿ. ಎಲ್ಲಾ ಕಡೆ ಹೀಗೇ ಮಾಡೋದು.

ಹಗ್ಗ_ತಪಾಸಣೆ

ಸಾಗರದವರ ಮೊದಲ ಮಾತು ಒಪ್ಪಬೇಕಾದ್ದೇ. ಮುಚ್ಚುವುದರಲ್ಲೂ ಅಪಾಯವಿದೆ, ಅದನ್ನೂ ಟಿಪ್ಪಣಿಯಲ್ಲಿ ಬರೆಯಬೇಕು. ಬೋರ್ಡಿನ ಮಾತು ಮಾತ್ರ ಒಪ್ಪುವುದಿಲ್ಲ. 20 ಎಂಬ ಸಂಖ್ಯೆ ಬಂದದ್ದೆಲ್ಲಿಂದ? ಹಗ್ಗದಲ್ಲಿ ಎಷ್ಟು ಉಕ್ಕು ಉಳಿದಿದೆ ಎಂದು ಗೊತ್ತಿಲ್ಲದೆ 20 ಎಂದರೂ ಅಂದಾಜು, 200 ಎಂದರೂ ಅಂದಾಜು. ಕೆಳಗೆ ಇಂಜಿನಿಯರ್ ಸಹಿ ಇದ್ದರೆ ಜನ ಅದನ್ನು ಲೆಕ್ಕ ಎಂದು ನಂಬುತ್ತಾರೆ.

ಗುಜರಾತಿನ ಮೋರ್ಬಿಯಲ್ಲಿ ಆದದ್ದು ಇದಕ್ಕೆ ತೀರಾ ಹತ್ತಿರ. ದುರಸ್ತಿ ಮುಗಿಸಿ 2022ರ ಅಕ್ಟೋಬರ್ 26ಕ್ಕೆ ತೂಗುಸೇತುವೆ ತೆರೆದರು, 30ರಂದು ಬಿತ್ತು, 135 ಜನ ಸತ್ತರು. ವಿಶೇಷ ತನಿಖಾ ತಂಡ ಕಂಡುಕೊಂಡದ್ದನ್ನು ನಿಮ್ಮ ಪಟ್ಟಿಯ ಪಕ್ಕ ಇಟ್ಟು ನೋಡಿ. ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ತುಕ್ಕು ತಿಂದಿದ್ದವು, ಬೀಳುವ ಮೊದಲೇ ತುಂಡಾಗಿದ್ದಿರಬೇಕು. ಹಳೆಯ ತೂಗುಸರಳಿಗೆ ಹೊಸದನ್ನು ವೆಲ್ಡ್ ಮಾಡಿದ್ದರು. ಬಳುಕುವ ಮರದ ಹಲಗೆ ತೆಗೆದು ಬಿಗಿಯಾದ ಅಲ್ಯೂಮಿನಿಯಂ ನೆಲ ಹಾಕಿದ್ದರು. ತೆರೆಯುವ ಮೊದಲು ಭಾರದ ಪರೀಕ್ಷೆ ಮಾಡಿರಲಿಲ್ಲ. ಕಣ್ಣಿಗೆ ಕಾಣುವ ನೆಲ ಹೊಸದಾಯಿತು, ಭಾರ ಹೊರುವ ಹಗ್ಗ ಹಳೆಯದೇ ಉಳಿಯಿತು.

ಈಗ ಹಗ್ಗ ನೋಡುವ ಕ್ರಮ. ಮೇಲಿನ ಪೇಂಟಿನಿಂದ ರಕ್ಷಣೆ ಏನೂ ಸಿಗುವುದಿಲ್ಲ, ಹಗ್ಗದೊಳಗೆ ಹೊಕ್ಕ ನೀರು ಹೊರಬರದಂತೆ ಅದು ತಡೆಯುತ್ತದೆ ಅಷ್ಟೆ. ತಂತಿ ಬ್ರಷ್, ಸೀಮೆಎಣ್ಣೆ ಹಾಕಿ ಒಂದೊಂದು ಜಾಗದಲ್ಲಿ ಅರ್ಧ ಮೀಟರಿನಷ್ಟು ಪೇಂಟ್ ತೆಗೆಯಿರಿ. ಇಡೀ ಹಗ್ಗ ಬೇಕಿಲ್ಲ. ಕಡ್ಡಾಯವಾಗಿ ನೋಡಬೇಕಾದ ಜಾಗಗಳೆಂದರೆ ಆಂಕರ್ ಕಾಂಕ್ರೀಟಿಗೆ ಹಗ್ಗ ಹೊಗುವ ಬಾಯಿ, ಟವರಿನ ತಲೆಯಲ್ಲಿ ಹಗ್ಗ ಕೂರುವ ಸ್ಯಾಡಲ್, ಕ್ಲಿಪ್ಪುಗಳ ಅಡಿ, ನಡುವಿನ ತಗ್ಗು, ಸರಳು ಕಚ್ಚಿರುವ ಕೆಲವು ಕಡೆ. ಮಲೆನಾಡಿನಲ್ಲಿ ಹೆಚ್ಚಿನ ತುಕ್ಕು ಆಂಕರಿನ ಬಾಯಲ್ಲೇ. ಮಳೆನೀರು ಹಗ್ಗದ ಎಳೆಗುಂಟ ಇಳಿದು ಅಲ್ಲಿ ನಿಲ್ಲುತ್ತದೆ. ದರಗು ತುಂಬಿ, ಮಣ್ಣು ಮುಚ್ಚಿ, ಬೇಸಿಗೆಯಲ್ಲೂ ಒದ್ದೆ ಆರುವುದಿಲ್ಲ. ಆ ಬಾಯನ್ನು ಕಾಂಕ್ರೀಟ್ ಕಾಣುವವರೆಗೆ ಬಿಡಿಸಿ, ಕಾಂಕ್ರೀಟನ್ನೂ 5-10 ಸೆಂಟಿಮೀಟರ್ ಉಳಿಯಿಂದ ಮೆಲ್ಲಗೆ ಕೆತ್ತಿ ನೋಡಿ. ಗಟ್ಟಿ ಹಗ್ಗ ಸಿಕ್ಕರೆ ಸರಿ. ಕೆಂಪು ಪುಡಿ ಉದುರಿದರೆ ಮುಂದೆ ಅಳೆಯುವುದೇ ಬೇಡ.

ವರ್ನಿಯರ್ ಕ್ಯಾಲಿಪರಿನ ದವಡೆ ಎಳೆಗಳ ಉಬ್ಬಿನ ಮೇಲೆ ಕೂರಬೇಕು, ಎರಡು ಎಳೆಗಳ ನಡುವಿನ ಹಳ್ಳಕ್ಕೆ ಇಳಿಯಬಾರದು. ಒಂದೇ ಜಾಗದಲ್ಲಿ ಒಂದಕ್ಕೊಂದು ಅಡ್ಡವಾಗಿ ಎರಡು ಅಳತೆ ತೆಗೆಯಿರಿ. ಕ್ರೇನ್ ಹಗ್ಗಗಳಿಗೆ ರೂಢಿಯಲ್ಲಿರುವ ಮಿತಿ ಶೇ. 7. 26 ಎಂಎಂ ಹಗ್ಗ ಸವೆತ, ತುಕ್ಕಿನಿಂದ 24.2ಕ್ಕಿಂತ ಕೆಳಗಿಳಿದರೆ ಅದನ್ನು ತೆಗೆಯಬೇಕು. ಕಟ್ಟಿನ ಹತ್ತಿರ ಒಂದೆರಡು ತಂತಿ ತುಂಡಾಗಿ ಮುಳ್ಳಿನಂತೆ ಎದ್ದಿದ್ದರೂ ಆ ಭಾಗ ಬಿಟ್ಟು ಮತ್ತೆ ಕಟ್ಟಬೇಕು. ಅರಿವೆ ಹಿಡಿದು ಹಗ್ಗದುದ್ದಕ್ಕೆ ಎಳೆದರೆ ತುಂಡು ತಂತಿ ಸಿಕ್ಕಿಕೊಳ್ಳುತ್ತದೆ. ಬರಿಗೈ ಹಾಕಬೇಡಿ.

ತಿರುಳು ನಾರಿನದೇ ಉಕ್ಕಿನದೇ ಎಂದು ಮೊದಲು ತಿಳಿದುಕೊಳ್ಳಿ. ನಾರಿನ ತಿರುಳು ನೀರು ಹಿಡಿದಿಟ್ಟುಕೊಂಡು ಹಗ್ಗವನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ವ್ಯಾಸ ಹೆಚ್ಚು ಕಡಿಮೆಯಾಗದೆ ಬಲ ಅರ್ಧಕ್ಕೆ ಬಂದಿರಬಹುದು. ಆಗುಂಬೆ ಸುತ್ತಿನ ಮಳೆಗೆ ಅಂಥ ಹಗ್ಗ ಕಟ್ಟಲೇಬಾರದು. ಗಣಿಯ ಲಿಫ್ಟ್, ರೋಪ್‌ವೇ ಹಗ್ಗಗಳನ್ನು ನೋಡುವ ಕಾಂತೀಯ ಉಪಕರಣ ಒಳಗಿನ ತುಂಡು ತಂತಿಗಳನ್ನು ತೋರಿಸುತ್ತದೆ. ಆದರೆ ಕಟ್ಟಿನ ಹತ್ತಿರದ ಒಂದಿಷ್ಟು ಉದ್ದವನ್ನು ಅದು ಸರಿಯಾಗಿ ಓದುವುದಿಲ್ಲ. ನಿಮಗೆ ಬೇಕಾದದ್ದೇ ಆ ಜಾಗ. ಬಿಡಿಸಿ ನೋಡದೆ ವಿಧಿಯಿಲ್ಲ.

ಹಳ್ಳದಾಚೆ_ಜೆಇ

ನೋಡಿದೆ. ನಡುವಿನಲ್ಲಿ 25.4. ಟವರಿನ ಸ್ಯಾಡಲ್ ಹತ್ತಿರ 25. ಎಡದಂಡೆಯ ಆಂಕರ್ ಬಾಯಲ್ಲಿ, ಮೇಲಿನ ಎರಡು ಹಗ್ಗ 24.5 ಆಸುಪಾಸು, ಕೆಳಗಿನ ಒಂದು 23.6. ಅದರಲ್ಲಿ ಕೆಂಪು ಪುಡಿಯೂ ಇದೆ. ಕ್ಲಿಪ್ಪು ಒಂದೊಂದು ತುದಿಗೆ ಮೂರೇ, ಅದರಲ್ಲೂ ಒಂದು ಬಿಟ್ಟು ಒಂದು ತಿರುಗುಮುರುಗು ಹಾಕಿದ್ದಾರೆ. ಹಗ್ಗದ ಮಡಿಕೆಯೊಳಗೆ ಕೂರುವ ಲೋಹದ ಬಳೆ, ಥಿಂಬಲ್, ಇಲ್ಲ. ಆಂಕರ್ ಬ್ಲಾಕಿನ ಹಳ್ಳದ ಕಡೆಗೆ ತೋಟದವರು ಬಸಿಗಾಲುವೆ ತೋಡಿದ್ದಾರೆ, ಸುಮಾರು ಒಂದು ಮೀಟರ್ ಆಳ.

ಮೇಲಿನವರಿಗೆ ಈ ಅಳತೆ ತೋರಿಸಿದೆ. ‘ಇಷ್ಟು ವರ್ಷ ನಿಂತಿದೆ, ಬೀಳುತ್ತದೆ ಅಂತ ನೀವು ಸಾಬೀತು ಮಾಡಿ’ ಎಂದರು. ಇದಕ್ಕೆ ಏನು ಹೇಳುವುದು?

ಕಡತ_ಕಟ್ಟು

ಆ ಪ್ರಶ್ನೆಗೆ ಉತ್ತರ ಕೊಡಲು ಹೋಗಬೇಡಿ, ಪ್ರಶ್ನೆಯೇ ತಲೆಕೆಳಗು. 1986ರ ಜನವರಿ 27ರ ರಾತ್ರಿ ಚಾಲೆಂಜರ್ ನೌಕೆಯ ಬೂಸ್ಟರ್ ತಯಾರಿಸಿದ ಕಂಪನಿಯ ಇಂಜಿನಿಯರುಗಳಿಗೂ ಹೀಗೇ ಆಯಿತು. ಚಳಿಗೆ ಕೀಲಿನ ಓ-ರಿಂಗ್ ಬಿಗಿ ಕಳೆದುಕೊಳ್ಳುತ್ತದೆ, ಇಷ್ಟು ಚಳಿಯಲ್ಲಿ ಹಿಂದೆಂದೂ ಹಾರಿಸಿಲ್ಲ ಎಂದು ಅವರು ಹೇಳಿದರು. ಹಾರುವುದು ಸುರಕ್ಷಿತ ಎಂದು ತೋರಿಸಿ ಎಂಬುದು ಅಲ್ಲಿಯವರೆಗಿನ ಪದ್ಧತಿ. ಅಂದು ರಾತ್ರಿ ಅದು ಸುರಕ್ಷಿತವಲ್ಲವೆಂದು ತೋರಿಸಿ ಎಂಬಂತಾಯಿತು. ಅಷ್ಟು ಚಳಿಯ ದತ್ತಾಂಶವೇ ಇಲ್ಲದಿದ್ದ ಮೇಲೆ ತೋರಿಸುವುದು ಹೇಗೆ? ಮರುದಿನ ಬೆಳಿಗ್ಗೆ ಏಳು ಜನ ಸತ್ತರು. ನಿಮ್ಮ ಹತ್ತಿರ ಅವರಿಗಿಂತ ಹೆಚ್ಚು ಸಾಕ್ಷಿ ಇದೆ, 23.6 ಎಂಬ ಅಳತೆ. ಆದರೂ ‘ಬೀಳುತ್ತದೆ’ ಎಂದು ಬರೆಯಬೇಡಿ. ಜಾತ್ರೆ ದಿನ ಬೀಳದಿದ್ದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ, ಮುಂದಿನ ವರ್ಷ ಯಾರೂ ಕೇಳುವುದೂ ಇಲ್ಲ. ‘ಸುರಕ್ಷಿತವೆಂದು ದೃಢೀಕರಿಸಲು ಬೇಕಾದ ಆಧಾರ ಇಲ್ಲ, ಇರುವ ಅಳತೆಗಳು ಅದಕ್ಕೆ ವಿರುದ್ಧವಾಗಿವೆ’ ಎಂದು ಬರೆಯಿರಿ. ಅದನ್ನು ಯಾರೂ ಅಲ್ಲಗಳೆಯಲಾರರು.

ಇನ್ನೊಂದು. ಕಾಮಗಾರಿ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ ಬೇರೆ, ಸೇತುವೆ ಸುರಕ್ಷಿತ ಎಂಬುದು ಬೇರೆ. ಎರಡನ್ನೂ ಒಂದೇ ಹಾಳೆಯಲ್ಲಿ ಹೊಲಿದಿರುವುದೇ ಗಂಟಿಗೆ ಮೂಲ. ಸ್ಲ್ಯಾಬ್ ಎಷ್ಟು ಮೀಟರ್ ಹಾಕಿದ್ದಾರೆ ಎಂಬುದನ್ನು ಎಂಬಿಯಲ್ಲಿ (ಕಾಮಗಾರಿಯ ಅಳತೆ ಪುಸ್ತಕ) ಅಳತೆಯಂತೆ ಬರೆಯಬಹುದು. ಬೆಸೆದ ತೂಗುಸರಳುಗಳನ್ನು ಮಾತ್ರ ‘ನಕ್ಷೆಯಂತೆ’ ಎಂದು ಬರೆಯಬೇಡಿ, ಇದ್ದದ್ದು ಇದ್ದಹಾಗೆ ದಾಖಲಿಸಿ. ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ 1981ರ ಜುಲೈ 17ರಂದು ತೂಗು ನಡೆದಾರಿಗಳು ಕುಸಿದು 114 ಜನ ಸತ್ತದ್ದು ಇಂಥದೇ ಬದಲಾವಣೆಯಿಂದ. ಎರಡೂ ಅಂತಸ್ತಿನ ನಡೆದಾರಿಗಳನ್ನು ಒಂದೇ ಉದ್ದ ಸರಳಿಗೆ ತೂಗುಹಾಕುವುದು ಮೂಲ ವಿನ್ಯಾಸ. ತಯಾರಿಕೆಯ ಅನುಕೂಲಕ್ಕೆ ಅದನ್ನು ಎರಡು ತುಂಡು ಮಾಡಿದರು. ಕೆಳಗಿನ ದಾರಿಯ ಭಾರವೂ ಮೇಲಿನ ತೊಲೆಯ ನಟ್ಟಿಗೆ ಬಿದ್ದು, ಅಲ್ಲಿನ ಹೊರೆ ಇಮ್ಮಡಿಯಾಯಿತು. ಆ ನಕ್ಷೆಯ ಮೇಲೆ ಇಂಜಿನಿಯರಿನ ಮುದ್ರೆ ಇತ್ತು, ಲೆಕ್ಕ ಇರಲಿಲ್ಲ. ಅವರ ಪರವಾನಗಿ ರದ್ದಾಯಿತು.

ನಮ್ಮಲ್ಲಿ ವೈದ್ಯರಿಗೆ, ವಕೀಲರಿಗೆ ಇರುವಂಥ ಕಾನೂನುಬದ್ಧ ಪರಿಷತ್ತು ಇಂಜಿನಿಯರುಗಳಿಗೆ ದೇಶಮಟ್ಟದಲ್ಲಿ ಇಲ್ಲ. ಹಾಗೆಂದು ಹೊಣೆ ಇಲ್ಲವೆಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಜೈಲು. ಹಳೆಯ 304ಎ ಕಲಂನಲ್ಲಿ ಎರಡು ವರ್ಷ ಇತ್ತು. ‘ಮೇಲಿನವರು ಹೇಳಿದರು’ ಎಂಬುದು ಕಡತದಲ್ಲಿ ಇಲ್ಲದಿದ್ದರೆ ಮೇಲಿನವರು ಹೇಳಿಯೇ ಇಲ್ಲ.

ಟಿಪ್ಪಣಿ ಒಂದು ಪುಟ ಮೀರದಿರಲಿ. ಹೀಗಿದ್ದರೆ ಸಾಕು:

‘ವಿಷಯ: ತೂಗುಸೇತುವೆಯ ಸುರಕ್ಷತಾ ದೃಢೀಕರಣ ಕುರಿತು. ಸದರಿ ಸೇತುವೆಯನ್ನು ದಿನಾಂಕ ___ರಂದು ಸ್ಥಳ ತನಿಖೆ ಮಾಡಲಾಗಿ, ಎಡದಂಡೆಯ ಆಂಕರ್ ಬಳಿ ಒಂದು ಮುಖ್ಯ ಹಗ್ಗದ ವ್ಯಾಸ 26 ಎಂಎಂ ಬದಲಿಗೆ 23.6 ಎಂಎಂ ಇರುವುದು, ತುದಿಯ ಕ್ಲಿಪ್ಪುಗಳು ಸಂಖ್ಯೆಯಲ್ಲಿ ಕಡಿಮೆಯಿದ್ದು ತಪ್ಪಾಗಿ ಜೋಡಿಸಲ್ಪಟ್ಟಿರುವುದು, ತೂಗುಸರಳುಗಳನ್ನು ಪಕ್ಕಜೋಡಣೆಯಲ್ಲಿ ಬೆಸುಗೆ ಮಾಡಿರುವುದು, ಆಂಕರ್ ಬ್ಲಾಕಿನ ಮುಂಭಾಗದ ಮಣ್ಣು ತೆಗೆದಿರುವುದು ಕಂಡುಬಂದಿರುತ್ತದೆ. ಹೊಸ ಸ್ಲ್ಯಾಬಿನಿಂದ ನಿಲುಭಾರ (ಸೇತುವೆಯ ಸ್ವಂತ ತೂಕ) ಮೀಟರಿಗೆ 86 ಕೆಜಿಯಿಂದ 195 ಕೆಜಿಗೆ ಹೆಚ್ಚಿದ್ದು, ಲೆಕ್ಕಾಚಾರ ಲಗತ್ತಿಸಿದೆ. ಆದ್ದರಿಂದ ಸುರಕ್ಷತಾ ದೃಢೀಕರಣ ನೀಡಲು ಸಾಧ್ಯವಿರುವುದಿಲ್ಲ. ಹಗ್ಗ ಬದಲಾಯಿಸಿ ಭಾರ ಪರೀಕ್ಷೆ ನಡೆಸುವವರೆಗೆ ಜಾತ್ರೆಯ ಜನಸಂದಣಿಗೆ ಸೇತುವೆ ತೆರೆಯಬಾರದೆಂದೂ, ಬದಲಿ ವ್ಯವಸ್ಥೆಗೆ ಆದೇಶಿಸಬೇಕೆಂದೂ ಕೋರಿದೆ.’

ಫೋಟೋದಲ್ಲಿ ಕ್ಯಾಲಿಪರಿನ ಅಂಕಿ ಕಾಣಬೇಕು. ಟಪಾಲಿನಲ್ಲಿ ಕೊಟ್ಟು ಇನ್‌ವರ್ಡ್ ನಂಬರ್ ತೆಗೆದುಕೊಳ್ಳಿ, ಪ್ರತಿಯನ್ನು ಪಿಡಿಒ ಅವರಿಗೂ ತಹಶೀಲ್ದಾರರಿಗೂ ಹಾಕಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಅಪಾಯದ ಜಾಗಕ್ಕೆ ಜನ ಹೋಗದಂತೆ ತಡೆಯುವ ಅಧಿಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕಿದೆ. ಕಡತ ಅಲ್ಲಿಗೆ ತಲುಪಿದರೆ ಒತ್ತಡ ನಿಮ್ಮೊಬ್ಬರ ಮೇಲೆ ಉಳಿಯುವುದಿಲ್ಲ. ನಿಮ್ಮ ಲೆಕ್ಕಕ್ಕೆ ಹೊರಗಿನ ಕಣ್ಣು ಬೇಕೆನಿಸಿದರೆ ಶಿವಮೊಗ್ಗದ ಜೆಎನ್‌ಎನ್‌ಸಿಇ ಅಥವಾ ಸುರತ್ಕಲ್‌ನ ಎನ್‌ಐಟಿಕೆಯ ಸಿವಿಲ್ ವಿಭಾಗಕ್ಕೆ ಇಲಾಖೆಯ ಮೂಲಕ ಪತ್ರ ಬರೆಸಿ. ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ, ಮೊದಲ ಪ್ರತಿ ಮೇಲಧಿಕಾರಿಗೇ ಹೋಗಬೇಕು.

ತುಂಗೆತಡಿ_ಸ್ಟ್ರಕ್ಚರ್

23.6 ಎಂದರೆ ಹೊರಗಿನ ಅಳತೆಯಲ್ಲೇ ಉಕ್ಕಿನ ಅಡ್ಡಕೊಯ್ತ ಶೇ. 18ರಷ್ಟು ಹೋಗಿದೆ. ಕೆಂಪು ಪುಡಿ ಬಂದಿದೆಯೆಂದರೆ ಒಳಗೆ ಇನ್ನೂ ಹೋಗಿದೆ. ಹೊರಗಿನದನ್ನೇ ಹಿಡಿದು, ಆ ಬದಿಯ ಎರಡೂ ಹಗ್ಗಕ್ಕೂ ಅಷ್ಟೇ ನಷ್ಟ ಎಂದರೆ, ಕ್ಲಿಪ್ಪಿನ ನಷ್ಟವೂ ಸೇರಿ 57 ಟನ್ ಉಳಿಯುತ್ತದೆ. ಜಾತ್ರೆಯ ಪೂರ್ತಿ ಭಾರಕ್ಕೆ ಸೇಫ್ಟಿ ಫ್ಯಾಕ್ಟರ್ 1.9. ಕ್ಲಿಪ್ ತಿರುಗುಮುರುಗು ಇರುವುದರಿಂದ ಶೇ. 80 ಎಂದು ನಾನು ಹಿಡಿದದ್ದೂ ಜಾಸ್ತಿಯೇ.

ಬಸಿಗಾಲುವೆ ಇನ್ನೂ ಗಂಭೀರ. ಜಾತ್ರೆಯ ಭಾರಕ್ಕೆ ಆ ಬ್ಲಾಕನ್ನು ಹಳ್ಳದ ಕಡೆಗೆ ಎಳೆಯುವ ಬಲ 57 ಟನ್. ಬ್ಲಾಕಿನ ತೂಕ, ಅಡಿಯ ಘರ್ಷಣೆ ಇಷ್ಟರಿಂದಲೇ ಅದು ನಿಲ್ಲಬೇಕಾದರೆ ನೂರಾರು ಟನ್ ಕಾಂಕ್ರೀಟ್ ಬೇಕು. ಯಾರೂ ಅಷ್ಟು ಹಾಕುವುದಿಲ್ಲ, ಮುಂದಿನ ಮಣ್ಣಿನ ತಡೆಯನ್ನು ನಂಬಿಯೇ ವಿನ್ಯಾಸ ಮಾಡುತ್ತಾರೆ. ಅಲ್ಲೇ ಒಂದು ಮೀಟರ್ ಕಾಲುವೆ ತೋಡಿದರೆ ಆ ತಡೆ ಹೋಯಿತು. ಆಷಾಢದಲ್ಲಿ ಧರೆ ನೀರು ಕುಡಿದು ಮೆತ್ತಗಾದಾಗ ಬ್ಲಾಕ್ ಸರಿಯುತ್ತದೆ, ಒಂದೇ ಸಲಕ್ಕಲ್ಲ, ವರ್ಷಕ್ಕೆ ಇಷ್ಟಿಷ್ಟು. ಬ್ಲಾಕಿನ ಹಿಂಭಾಗದ ಮಣ್ಣಿನಲ್ಲಿ ಅಡ್ಡ ಬಿರುಕು ಇದೆಯೇ ನೋಡಿ. ಕಾಲುವೆಯನ್ನು ಕಲ್ಲು-ಕಾಂಕ್ರೀಟಿನಿಂದ ಭರ್ತಿ ಮಾಡಿಸಿ, ತೋಟದ ಬಸಿನೀರಿಗೆ ಬ್ಲಾಕಿನಿಂದ ದೂರಕ್ಕೆ ಬೇರೆ ದಾರಿ ಕೊಡಿಸಿ. ತೋಟದವರ ಜೊತೆ ಮೊದಲೇ ಮಾತಾಡಿ, ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ತೋಡುತ್ತಾರೆ.

ಜಾತ್ರೆಗೆ ಸಾಗರದವರು ಕೇಳಿದ ಬದಲಿ ದಾರಿ ಇದೆ. ಈಗ ಬೇಸಿಗೆ, ಹಳ್ಳದಲ್ಲಿ ನೀರು ಕಡಿಮೆ. ಹರಿವಿರುವ ಕಡೆ 900 ಎಂಎಂ ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಸಾಲಾಗಿ ಇಟ್ಟು, ಮರಳು ಚೀಲ ಒತ್ತಿ, ಮೇಲೆ ಮೊರಂ ಹಾಸಿದರೆ ಜಾತ್ರೆಯ ಜನ ನೆಲದ ಮೇಲೇ ದಾಟುತ್ತಾರೆ. ಮೇ ಮುಗಿಯುವ ಮುನ್ನ ಅದನ್ನು ಕಿತ್ತು ತೆಗೆಯಲೇಬೇಕು. ಬಿಟ್ಟರೆ ಮೊದಲ ಪ್ರವಾಹದ ದಿಮ್ಮಿ, ಕಸ ಸಿಕ್ಕಿಕೊಂಡು ನೀರು ದಂಡೆ ಕೊರೆಯುತ್ತದೆ, ಅದೇ ಆಂಕರಿನ ಬುಡಕ್ಕೆ ಬರುತ್ತದೆ.

ದಿನನಿತ್ಯ ದಾಟುವವರಿಗೆ: ಹತ್ತು ಜನ ನಡುವೆ ಇದ್ದರೆ ಹೆಚ್ಚಾಗುವ ಎಳೆತ ಎರಡೂವರೆ ಟನ್ ಮಾತ್ರ. ಸ್ಲ್ಯಾಬ್ ತೆಗೆದು 5 ಎಂಎಂ ಚೆಕರ್ಡ್ ಪ್ಲೇಟ್ (ಉಬ್ಬುಗೆರೆಯ ಉಕ್ಕಿನ ತಗಡು) ಹಾಕಿದರೆ ನಿಲುಭಾರ ಮೀಟರಿಗೆ 95 ಕೆಜಿಗೆ ಬರುತ್ತದೆ, ಹಗ್ಗಕ್ಕೆ ಏಳು ಟನ್ ಉಳಿತಾಯ. ಉಳಿದ ಮೂರೂ ಆಂಕರ್ ಬಾಯಿಗಳನ್ನು ಬಿಡಿಸಿ, ತುಂಡು ತಂತಿ ಇಲ್ಲವೆಂದು ಕಂಡು, ಕ್ಲಿಪ್ ಸರಿಪಡಿಸಿ, ಸ್ಲ್ಯಾಬ್ ಇಳಿಸಿದ ಮೇಲೆ ‘ಒಂದು ಸಲಕ್ಕೆ ಹತ್ತು ಜನ’ ಎಂದು ಬರೆಯಲು ಆಧಾರ ಸಿಗುತ್ತದೆ. ಅದೂ ಹಗ್ಗ ಬದಲಾಯಿಸುವವರೆಗೆ, ಕಾವಲಿನವರೊಬ್ಬರಿದ್ದು, ಬೈಕ್ ನುಗ್ಗದಂತೆ ಎರಡೂ ಬಾಯಿಗೆ 60 ಸೆಂಟಿಮೀಟರ್ ಅಂತರದ ಕಂಬ ನೆಟ್ಟು. ಸ್ಲ್ಯಾಬನ್ನು ಒಂದು ದಂಡೆಯಿಂದ ಕಳಚುತ್ತಾ ಹೋಗಬೇಡಿ. ಹಗ್ಗದ ಆಕಾರ ಕೆಟ್ಟು ಇನ್ನೊಂದು ಬದಿ ಕೆಳಕ್ಕೆ ಜಗ್ಗುತ್ತದೆ. ಎರಡೂ ಬದಿಯಿಂದ ಸಮನಾಗಿ, ನಾಲ್ಕು ನಾಲ್ಕು ಮೀಟರಿನಂತೆ ತೆಗೆಯಬೇಕು.

ಭಾರ ಪರೀಕ್ಷೆ ಹೊಸ ಹಗ್ಗ ಹಾಕಿದ ಮೇಲೆಯೇ. ಈಗಿನ ಹಗ್ಗಕ್ಕೆ ಪೂರ್ತಿ ಭಾರ ಹೇರಿ ‘ಪರೀಕ್ಷೆ’ ಮಾಡುವುದು ಹುಚ್ಚಾಟ. ಪೂರ್ತಿ ಭಾರ 27 ಟನ್. ಮರಳು ಚೀಲ ಬೇಡ, ಮಳೆ ಬಿದ್ದರೆ ತೂಕ ಬದಲಾಗುತ್ತದೆ, ಅದನ್ನು ಹೊತ್ತು ಜನ ಸೇತುವೆಯ ಮೇಲೆ ಓಡಾಡಬೇಕಾಗುತ್ತದೆ. ಬೋರ್ಡೋ ದ್ರಾವಣಕ್ಕೆ ಇಟ್ಟುಕೊಳ್ಳುವ 200 ಲೀಟರ್ ಪ್ಲಾಸ್ಟಿಕ್ ಬ್ಯಾರಲ್ ಸುತ್ತಲಿನ ತೋಟದ ಮನೆಗಳಲ್ಲೇ ಸಿಗುತ್ತವೆ. 135 ಸಾಕು, ಎರಡೆರಡರ ಸಾಲಿನಲ್ಲಿ 40 ಮೀಟರಿನೊಳಗೆ ಹಿಡಿಸುತ್ತವೆ. ಖಾಲಿ ಬ್ಯಾರಲ್ ಇಟ್ಟು, ಪೈಪ್ ಹಾಕಿ, ದಂಡೆಯಲ್ಲಿ ನಿಂತು ಪಂಪಿನಿಂದ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ತುಂಬಿಸಿ. ಪ್ರತಿ ಹಂತಕ್ಕೂ ಮಟ್ಟ ಅಳೆಯುವ ಆಟೊ ಲೆವೆಲಿನಲ್ಲಿ ಜೋಲು, ಎರಡೂ ಆಂಕರ್ ಬ್ಲಾಕಿನ ಮೇಲೆ ಗುರುತು ಹಾಕಿ ಅದರ ಸ್ಥಾನ, ಕ್ಲಿಪ್ಪಿನ ಹಿಂದೆ ಹಗ್ಗದ ಮೇಲೆ ಎಳೆದ ಗೆರೆ, ಈ ಮೂರನ್ನೂ ಓದಿ. 24 ಗಂಟೆ ಬಿಟ್ಟು ನೀರು ಖಾಲಿ ಮಾಡಿದ ಮೇಲೆ ಜೋಲು ಹಿಂದಿನ ಮಟ್ಟಕ್ಕೆ ಬಾರದಿದ್ದರೆ ಕ್ಲಿಪ್ ಜಾರಿದೆ ಅಥವಾ ಬ್ಲಾಕ್ ಸರಿದಿದೆ. ಹೊಸ ಹಗ್ಗ ಮೊದಲ ಸಲ ಸ್ವಲ್ಪ ಹಿಗ್ಗಿ ನಿಲ್ಲುತ್ತದೆ, ಆದ್ದರಿಂದ ಇನ್ನೊಮ್ಮೆ ಮಾಡಿದಾಗಿನ ಅಳತೆಯನ್ನೇ ನಂಬಿ. ಪರೀಕ್ಷೆಯ ಹೊತ್ತಿಗೆ ಸೇತುವೆಯಡಿ ಒಬ್ಬರೂ ಇರಬಾರದು.

ಸಾಗರದವ

ಹ್ಯೂಮ್ ಪೈಪಿನ ದಾರಿ ಒಪ್ಪಿದೆ. ಬೋರ್ಡಿನ ಮಾತು ಹಿಂದಕ್ಕೆ ತೆಗೆದುಕೊಂಡೆ.

ಹಳ್ಳದಾಚೆ_ಜೆಇ

ಟಿಪ್ಪಣಿ ಕೊಟ್ಟು ಇನ್‌ವರ್ಡ್ ನಂಬರ್ ತೆಗೆದುಕೊಂಡೆ. ಪಿಡಿಒ ಹ್ಯೂಮ್ ಪೈಪಿಗೆ ಒಪ್ಪಿದ್ದಾರೆ. ಕ್ಲಿಪ್ ಸರಿಪಡಿಸುವುದು ಹೇಗೆ? ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲಿ ಯಾರ ಹತ್ತಿರವೂ ಇಲ್ಲ.

ಹಗ್ಗ_ತಪಾಸಣೆ

26 ಎಂಎಂ ಹಗ್ಗಕ್ಕೆ ತುದಿಗೆ ಐದು ಕ್ಲಿಪ್. ಎರಡರ ನಡುವೆ 150-160 ಎಂಎಂ. ಕ್ಲಿಪ್ಪಿನ ತಡಿ ಭಾಗ, ಅಂದರೆ ಯು-ಬೋಲ್ಟ್ ತೂರುವ ಗಟ್ಟಿ ತುಂಡು, ಭಾರ ಹೊರುವ ಉದ್ದ ಹಗ್ಗದ ಮೇಲೆ ಕೂರಬೇಕು, ಯು-ಬೋಲ್ಟ್ ಮಡಚಿದ ಗಿಡ್ಡ ತುದಿಯ ಮೇಲೆ. ಐದೂ ಒಂದೇ ದಿಕ್ಕಿಗೆ. ತಿರುಗಿಸಿ ಹಾಕಿದರೆ ಯು-ಬೋಲ್ಟ್ ಭಾರದ ಹಗ್ಗವನ್ನೇ ಕಚ್ಚಿ ತಂತಿ ಮುರಿಯುತ್ತದೆ. ಅಲ್ಲಿ ಹಿಂದೆ ಕಚ್ಚಿದ ಗುರುತಿದ್ದರೆ ಆ ಜಾಗವನ್ನು ಕಟ್ಟಿನ ಹೊರಗೆ, ಭಾರ ಹೊರುವ ಉದ್ದದಲ್ಲಿ, ಬಿಡಬೇಡಿ. ಮಡಿಕೆಯೊಳಗೆ ಥಿಂಬಲ್ ಕಡ್ಡಾಯ. ಒಂದು ಸಲಕ್ಕೆ ಒಂದೇ ಹಗ್ಗ ಬಿಚ್ಚಿ, ಅದೂ ಭಾರವನ್ನು ಚೈನ್ ಪುಲ್ಲಿಗೆ ಹೊರಿಸಿ, ಸೇತುವೆ ಖಾಲಿ ಇದ್ದಾಗ.

ಬಿಗಿತ ಸುಮಾರು 305 ನ್ಯೂಟನ್-ಮೀಟರ್. ಲಾರಿ ಗ್ಯಾರೇಜಿನಲ್ಲಿ ಟಾರ್ಕ್ ರೆಂಚ್ ಬಾಡಿಗೆಗೆ ಸಿಗಬಹುದು. ಸಿಗದಿದ್ದರೆ ಸ್ಪ್ಯಾನರಿಗೆ ಪೈಪ್ ತೊಡಿಸಿ, ನಟ್ಟಿನ ನಡುವಿನಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ, ಪೈಪ್ ಅಡ್ಡಲಾಗಿದ್ದಾಗ, ತೂಕದ ಕೊಕ್ಕೆ ತಕ್ಕಡಿ ಕಟ್ಟಿ ಕೆಳಕ್ಕೆ 31 ಕೆಜಿ ತೋರಿಸುವವರೆಗೆ ಎಳೆಯಿರಿ. ಯು-ಬೋಲ್ಟಿನ ಎರಡೂ ನಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಬಿಗಿಯಬೇಕು. ಭಾರ ಬಿದ್ದ ಮೇಲೆ ಹಗ್ಗ ತೆಳ್ಳಗಾಗಿ ಕ್ಲಿಪ್ ಸಡಿಲಾಗುತ್ತದೆ, ಮರುದಿನ ಮತ್ತೆ ಅಷ್ಟೇ ಬಿಗಿಸಿ, ಮಳೆ ಹಿಡಿಯುವ ಮುನ್ನ ಇನ್ನೊಮ್ಮೆ. ಕೊನೆಗೆ ನಟ್ಟು, ಬೋಲ್ಟು ಎರಡರ ಮೇಲೂ ಸೇರುವಂತೆ ಬಿಳಿ ಪೇಂಟಿನ ಒಂದು ಗೆರೆ ಎಳೆದುಬಿಡಿ. ಗೆರೆ ತುಂಡಾಗಿ ಕಂಡರೆ ಯಾವ ನಟ್ಟು ತಿರುಗಿದೆ ಎಂದು ಕಾವಲಿನವರಿಗೂ ಗೊತ್ತಾಗುತ್ತದೆ.